ಮರ್ಸೆಡ್‌ಗೆ ಸೇರಿದರೆ ಮುಂದೆ ಬರ್ಕ್ಲಿಗೆ ಹೋಗಬಹುದಾ? ಯುಸಿ (ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ವ್ಯವಸ್ಥೆ ನಿಜಕ್ಕೂ ಹೇಗಿದೆ?

ದಾವಣಗೆರೆ ತಂದೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ನಮ್ಮದು ಅಡಿಕೆ ತೋಟ ಇರುವ ಮನೆ, ಹಾಗಾಗಿಯೋ ಏನೋ ಅವಳಿಗೆ ಚಿಕ್ಕಂದಿನಿಂದ ಗಿಡಗಳ ಮೇಲೆ ಆಸಕ್ತಿ ಜಾಸ್ತಿ. ಸಸ್ಯ ವಿಜ್ಞಾನದಲ್ಲೇ ಡಿಗ್ರಿ ಮಾಡಬೇಕು, ಅದೂ ಕ್ಯಾಲಿಫೋರ್ನಿಯಾದಲ್ಲಿ ಅಂತ ಹಟ.

ಇಲ್ಲಿ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋಗಿದ್ದೆವು. ಅವರು ಹೇಳಿದ್ದು ಇಷ್ಟು: "ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಅಂದರೆ ಒಂದೇ ಸಾರ್, ಮರ್ಸೆಡ್‌ನಲ್ಲಿ ಸೀಟು ಸುಲಭ, ಮೊದಲು ಅಲ್ಲಿ ಸೇರಿಸಿ, ಒಂದು ವರ್ಷ ಆದಮೇಲೆ ಬರ್ಕ್ಲಿಗೆ ಬದಲಾಯಿಸಿಕೊಂಡರಾಯಿತು, ಸರ್ಟಿಫಿಕೇಟ್ ಎಲ್ಲಾ ಕಡೆ ಒಂದೇ." ಕೇಳೋಕೆ ಚೆನ್ನಾಗಿದೆ. ಆದರೆ ಇಷ್ಟು ದುಡ್ಡು ಹೊಂದಿಸುವಾಗ ಒಬ್ಬರ ಮಾತು ನಂಬಿ ಹೊರಡೋಕೆ ಆಗಲ್ಲ.

ನನ್ನ ಪ್ರಶ್ನೆ, ಇದು ಒಂದು ಯುನಿವರ್ಸಿಟಿನಾ, ಹತ್ತು ಯುನಿವರ್ಸಿಟಿನಾ? ನಮ್ಮ ವಿಟಿಯು ಕೆಳಗೆ ಕಾಲೇಜುಗಳು ಇರುವ ಹಾಗಾ? ಯಾರು ನಡೆಸುತ್ತಾರೆ? ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ ಅಂತ ಇನ್ನೊಂದು ಹೆಸರೂ ಕಾಣಿಸುತ್ತಿದೆ, ಅದು ಬೇರೆನಾ? ಅಲ್ಲಿ ಓದಿದವರು ಅಥವಾ ಕೆಲಸ ಮಾಡುತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಡೇವಿಸ್ ಕನ್ನಡಿಗ

ಸಾರ್, ನಾನು ಡೇವಿಸ್ ಕ್ಯಾಂಪಸ್‌ನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಕನ್ಸಲ್ಟೆಂಟ್ ಹೇಳಿದ್ದರಲ್ಲಿ ಅರ್ಧ ನಿಜ ಇದೆ, ಆ ಅರ್ಧ ನಿಜದಿಂದಲೇ ಜನ ಎಡವೋದು.

ಕಾನೂನಿನ ಲೆಕ್ಕದಲ್ಲಿ ಇದು ಒಂದೇ ಸಂಸ್ಥೆ. 1868ರಲ್ಲಿ ಶುರುವಾಯಿತು. ಬರ್ಕ್ಲಿ, ಡೇವಿಸ್, ಅರ್ವೈನ್, ಲಾಸ್ ಏಂಜಲೀಸ್, ಮರ್ಸೆಡ್, ರಿವರ್‌ಸೈಡ್, ಸ್ಯಾನ್ ಡಿಯಾಗೋ, ಸ್ಯಾನ್ ಫ್ರಾನ್ಸಿಸ್ಕೋ, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್ ಅಂತ ಹತ್ತು ಕ್ಯಾಂಪಸ್. ಇದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ್ದು ಪೂರ್ತಿ ವೈದ್ಯಕೀಯ, ಅಲ್ಲಿ ಬಿಎಸ್ (ಮೊದಲ ಡಿಗ್ರಿ) ಓದುವ ಮಕ್ಕಳೇ ಇಲ್ಲ. ಹತ್ತಕ್ಕೂ ಮೇಲೆ ಒಂದೇ ಮಂಡಳಿ, ಅದರ ಹೆಸರು ರೀಜೆಂಟ್ಸ್. ನನ್ನ ಸಂಬಳ ಕೊಡುವವರು, ನಮ್ಮ ಲ್ಯಾಬಿನ ಪೇಟೆಂಟ್ ಯಾರ ಹೆಸರಿಗೆ ಹೋಗುತ್ತದೋ ಅವರು, ಕೋರ್ಟಿನಲ್ಲಿ ಕೇಸಾದರೆ ನಿಲ್ಲುವವರು, ಎಲ್ಲಾ ಕಾಗದದಲ್ಲೂ ರೀಜೆಂಟ್ಸ್ ಅಂತಲೇ ಇರುತ್ತದೆ.

ಮಂಡಳಿಯಲ್ಲಿ 26 ಜನ. 18 ಜನರನ್ನು ರಾಜ್ಯದ ಗವರ್ನರ್ ನೇಮಿಸುತ್ತಾರೆ, ಅವಧಿ ಹನ್ನೆರಡು ವರ್ಷ. ಹುದ್ದೆಯ ಕಾರಣಕ್ಕೆ ಬರುವವರು 7 ಜನ, ಅದರಲ್ಲಿ ಗವರ್ನರ್ ಕೂಡ ಒಬ್ಬರು. ಉಳಿದ ಒಬ್ಬರು ವಿದ್ಯಾರ್ಥಿ, ಆ ವಿದ್ಯಾರ್ಥಿಗೂ ಪೂರ್ತಿ ಓಟು ಇದೆ. ಹನ್ನೆರಡು ವರ್ಷ ಅಂತ ಇಟ್ಟಿರೋದು ಸುಮ್ನೆ ಅಲ್ಲ. ಒಬ್ಬ ಗವರ್ನರ್ ಹೆಚ್ಚೆಂದರೆ ಎಂಟು ವರ್ಷ ಇರುತ್ತಾರೆ, ಅವರು ನೇಮಿಸಿದವರು ಅವರು ಹೋದಮೇಲೂ ಇರುತ್ತಾರೆ, ಹೊಸಬರು ಬಂದ ತಕ್ಷಣ ಎಲ್ಲರನ್ನೂ ಗುಡಿಸಿ ಹಾಕೋಕೆ ಆಗಲ್ಲ. 1879ರಿಂದ ರಾಜ್ಯದ ಸಂವಿಧಾನದಲ್ಲೇ ಯುನಿವರ್ಸಿಟಿಗೆ ಸ್ವಾಯತ್ತತೆ ಇದೆ. ಬಜೆಟ್ ಕೊಡುವಾಗ ಶಾಸಕರು ಒತ್ತಡ ಹಾಕುತ್ತಾರೆ, ಅದು ಇದ್ದೇ ಇದೆ. ಆದರೆ ಯಾವ ಕೋರ್ಸ್ ಹೇಗೆ ಕಲಿಸಬೇಕು ಅಂತ ಸರ್ಕಾರ ಆದೇಶ ಕಳಿಸಲ್ಲ.

ಅಷ್ಟಕ್ಕೇ ರಾಜಕೀಯ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಕ್ಲಾರ್ಕ್ ಕೆರ್ ಅಂತ 1958ರಿಂದ ಇಡೀ ವ್ಯವಸ್ಥೆಯ ಅಧ್ಯಕ್ಷರಾಗಿದ್ದವರು, ಇವತ್ತಿನ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು. ರೊನಾಲ್ಡ್ ರೇಗನ್ ಗವರ್ನರ್ ಆದ ತಿಂಗಳಲ್ಲೇ, ಅಂದರೆ 1967ರ ಜನವರಿಯಲ್ಲಿ, ರೀಜೆಂಟ್ಸ್ ಓಟು ಹಾಕಿ ಅವರನ್ನು ಕೆಲಸದಿಂದ ತೆಗೆದರು.

ರೀಜೆಂಟ್ಸ್ ಕೆಳಗೆ ಇಡೀ ವ್ಯವಸ್ಥೆಗೆ ಒಬ್ಬ ಪ್ರೆಸಿಡೆಂಟ್, ಕಚೇರಿ ಓಕ್‌ಲ್ಯಾಂಡಿನಲ್ಲಿ. ಪ್ರತಿ ಕ್ಯಾಂಪಸ್‌ಗೆ ಒಬ್ಬ ಚಾನ್ಸಲರ್. ಮೊದಲು ಹೀಗೆ ಇರಲಿಲ್ಲ. ಲಾಸ್ ಏಂಜಲೀಸ್‌ನ ಕ್ಯಾಂಪಸ್ 1919ರಲ್ಲಿ ಸೇರಿದಾಗ ಅದಕ್ಕೆ ಇಟ್ಟ ಹೆಸರೇ "ದಕ್ಷಿಣ ಶಾಖೆ". ದಶಕಗಳ ಕಾಲ ದೊಡ್ಡ ತೀರ್ಮಾನವೆಲ್ಲಾ ಬರ್ಕ್ಲಿಯಲ್ಲಿ ಕೂತ ಪ್ರೆಸಿಡೆಂಟ್ ಕೈಯಲ್ಲೇ ಇತ್ತು. ಅದು ತಡೆಯಲಾಗದೆ 1950ರ ದಶಕದ ಶುರುವಿನಲ್ಲಿ ಚಾನ್ಸಲರ್ ಹುದ್ದೆ ತಂದರು. ಆಮೇಲೆ ಒಂದೊಂದು ಕ್ಯಾಂಪಸ್‌ಗೂ ತನ್ನದೇ ಬಲ ಬಂತು. ಈಗ ಯಾರನ್ನು ಸೇರಿಸಿಕೊಳ್ಳಬೇಕು, ಯಾವ ವಿಭಾಗಕ್ಕೆ ಹೊಸ ಪ್ರೊಫೆಸರ್ ಬೇಕು, ಹಾಸ್ಟೆಲ್ ಎಲ್ಲಿ ಕಟ್ಟಬೇಕು, ಇದೆಲ್ಲಾ ಕ್ಯಾಂಪಸ್ ಮಟ್ಟದಲ್ಲೇ ಹುಟ್ಟುವ ತೀರ್ಮಾನ. ವರ್ಷದ ಲೆಕ್ಕವೂ ಬೇರೆ ಬೇರೆ. ಬರ್ಕ್ಲಿ, ಮರ್ಸೆಡ್‌ನಲ್ಲಿ ಸೆಮಿಸ್ಟರ್, ನಮ್ಮಲ್ಲಿ ಹತ್ತು ವಾರದ ಕ್ವಾರ್ಟರ್, ಕಣ್ಣು ಮಿಟುಕಿಸುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅರ್ಜಿ ಒಂದೇ, ಅದನ್ನು ನವೆಂಬರ್ ಕೊನೆಯ ಹೊತ್ತಿಗೆ ಹಾಕಬೇಕು, ಯಾವ ಯಾವ ಕ್ಯಾಂಪಸ್ ಬೇಕೋ ಟಿಕ್ ಮಾಡಬೇಕು, ಪ್ರತಿ ಕ್ಯಾಂಪಸ್‌ಗೂ ಬೇರೆ ಶುಲ್ಕ. ಅರ್ಜಿ ಒಂದೇ ಆದರೂ ಓದುವವರು ಬೇರೆ ಬೇರೆ. ಡೇವಿಸ್‌ನವರು ಬೇಡ ಅಂದ ಮಗುವನ್ನು ಬರ್ಕ್ಲಿಯವರು ತೆಗೆದುಕೊಂಡದ್ದೂ ಇದೆ. ಮರ್ಸೆಡ್‌ಗೆ ಸೇರಿದ ಮೇಲೆ ಬರ್ಕ್ಲಿಗೆ "ಬದಲಾಯಿಸಿಕೊಳ್ಳೋದು" ಅಂತ ಏನೂ ಇಲ್ಲ. ಹೊಸದಾಗಿ ಟ್ರಾನ್ಸ್‌ಫರ್ ಅರ್ಜಿ ಹಾಕಬೇಕು, ಸಾಮಾನ್ಯವಾಗಿ ಮೂರನೇ ವರ್ಷಕ್ಕೆ. ಅಲ್ಲೂ ಮೊದಲ ಆದ್ಯತೆ ರಾಜ್ಯದ ಕಮ್ಯುನಿಟಿ ಕಾಲೇಜುಗಳಿಂದ (ಮೊದಲ ಎರಡು ವರ್ಷ ಓದಬಹುದಾದ ಸರ್ಕಾರಿ ಕಾಲೇಜುಗಳು) ಬರುವವರಿಗೆ. ಆ ಮಾತು ನಂಬಿ ಸೇರಿಸಬೇಡಿ.

ಹಾಗಂತ ಮರ್ಸೆಡ್ ಕೀಳು ಅಂತ ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಅದು 2005ರಲ್ಲಿ ತೆರೆದ ಕ್ಯಾಂಪಸ್. ಸ್ಯಾನ್ ವಾಕೀನ್ ಕಣಿವೆ ಪೂರ್ತಿ ಹೊಲ ತೋಟದ ಸೀಮೆ, ಅಲ್ಲಿಯ ಮಕ್ಕಳಿಗೆ ಹತ್ತಿರದಲ್ಲಿ ಯುಸಿ ಇರಲಿಲ್ಲ ಅಂತಲೇ ಕಟ್ಟಿದ್ದು. ಇಪ್ಪತ್ತು ವರ್ಷದಲ್ಲಿ, 2025ರಲ್ಲಿ, ಅಮೆರಿಕಾದ ಮೇಲ್ದರ್ಜೆಯ ಸಂಶೋಧನಾ ವಿಶ್ವವಿದ್ಯಾಲಯಗಳ ಪಟ್ಟಿಗೆ ಸೇರಿತು.

ಸರ್ಟಿಫಿಕೇಟ್ ಬಗ್ಗೆ: ನಮ್ಮ ಲ್ಯಾಬಿನ ಗೋಡೆಯ ಮೇಲೆ ಒಂದು ಇದೆ. ಮೇಲೆ ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ. ಆಮೇಲೆ, ಕಾಲೇಜಿನ ಅಧ್ಯಾಪಕರು ಹೆಸರು ಸೂಚಿಸಿದ್ದಾರೆ, ರೀಜೆಂಟ್ಸ್ ಪದವಿ ಕೊಟ್ಟಿದ್ದಾರೆ ಅನ್ನುವ ಒಕ್ಕಣೆ. ಕೆಳಗೆ ರಾಜ್ಯದ ಗವರ್ನರ್, ಪ್ರೆಸಿಡೆಂಟ್, ಡೇವಿಸ್‌ನ ಚಾನ್ಸಲರ್ ಸಹಿ. ಕ್ಯಾಂಪಸ್ ಹೆಸರು ಇದ್ದೇ ಇರುತ್ತದೆ, ಕೆಲಸ ಕೊಡುವವರು ಅದನ್ನೇ ನೋಡುತ್ತಾರೆ. ಅದಕ್ಕೇ ಹೇಳೋದು, ಯುಸಿ ಅನ್ನುವ ಹೆಸರು ನೋಡಿ ಆರಿಸಬೇಡಿ, ಯಾವ ಕ್ಯಾಂಪಸ್‌ನಲ್ಲಿ ಯಾವ ವಿಭಾಗ ಅಂತ ನೋಡಿ. ಮಗಳಿಗೆ ಗಿಡ ಬೇಕು ಅಂದರೆ ಡೇವಿಸ್ ಶುರುವಾಗಿದ್ದೇ ಯುನಿವರ್ಸಿಟಿಯ ಫಾರ್ಮ್ ಆಗಿ. ರಿವರ್‌ಸೈಡ್ 1907ರಲ್ಲಿ ಕಿತ್ತಳೆ ನಿಂಬೆ ಜಾತಿಯ ಸಂಶೋಧನಾ ಕೇಂದ್ರವಾಗಿ ಹುಟ್ಟಿದ್ದು. ಅವಳಿಗೆ ಇವೆರಡೂ ಬರ್ಕ್ಲಿಗಿಂತ ಚೆನ್ನಾಗಿ ಹೊಂದಬಹುದು.

ಧಾರವಾಡದ ಮೇಷ್ಟ್ರು

ಡೇವಿಸ್‌ನವರು ಒಳ್ಳೆಯ ಮಾಹಿತಿ ಕೊಟ್ಟಿದ್ದಾರೆ. ವಿಟಿಯು ಹಾಗಾ ಅಂತ ಕೇಳಿದ್ದರಲ್ಲ, ಅದಕ್ಕೆ ನಾನು ಹೇಳುತ್ತೇನೆ. ಖಂಡಿತ ಅಲ್ಲ. ವಿಟಿಯು 1998ರಲ್ಲಿ ಆದದ್ದು, ಬೆಳಗಾವಿಯಲ್ಲಿ ಮುಖ್ಯ ಕಚೇರಿ, ಕೆಳಗೆ ನೂರಾರು ಕಾಲೇಜು. ಕಾಲೇಜು ನಡೆಸುವವರು ಟ್ರಸ್ಟು, ಸೊಸೈಟಿ, ಸರ್ಕಾರ, ಯಾರು ಬೇಕಾದರೂ ಆಗಿರಬಹುದು. ವಿಟಿಯು ಸಿಲಬಸ್ ಕೊಡುತ್ತದೆ, ಪರೀಕ್ಷೆ ಮಾಡುತ್ತದೆ, ಡಿಗ್ರಿ ಕೊಡುತ್ತದೆ. ಅಟಾನಮಸ್ ಅಲ್ಲದ ಕಾಲೇಜಿನಲ್ಲಿ ಪಾಠ ಮಾಡಿದ ಮೇಷ್ಟರಿಗೆ ತನ್ನ ಮಕ್ಕಳ ಕೊನೆಯ ಪರೀಕ್ಷೆಯ ಪ್ರಶ್ನೆ ಪತ್ರಿಕೆ ಬರೆಯುವ ಅಧಿಕಾರ ಇಲ್ಲ. ಯುಸಿಯಲ್ಲಿ ಇದು ಪೂರ್ತಿ ಉಲ್ಟಾ. ಪಾಠ ಮಾಡುವವರೇ ಪ್ರಶ್ನೆ ಬರೆಯುತ್ತಾರೆ, ಅವರೇ ಅಂಕ ಕೊಡುತ್ತಾರೆ. ಕೋರ್ಸುಗಳಿಗೆ ಒಪ್ಪಿಗೆ ಕೊಡೋದು ಅಧ್ಯಾಪಕರದೇ ಅಕಾಡೆಮಿಕ್ ಸೆನೆಟ್. ಪ್ರವೇಶದ ನಿಯಮದಲ್ಲೂ ಅದರ ಮಾತು ನಡೆಯುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ದಿನದಿಂದ ಮನಸ್ಸಿನಲ್ಲಿದೆ. ನಮ್ಮಲ್ಲಿ ಯುನಿವರ್ಸಿಟಿ ದೊಡ್ಡದಾದರೆ ಒಡೆಯುತ್ತೇವೆ. ನಿಮ್ಮ ಊರಿನದೇ ಉದಾಹರಣೆ ತಗೊಳ್ಳಿ. ತೋಳಹುಣಸೆಯ ಶಿವಗಂಗೋತ್ರಿ ಮೊದಲು ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ, ಆಮೇಲೆ ಕುವೆಂಪು ವಿವಿಗೆ ಹೋಯಿತು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವೇ ಆಯಿತು. ಕೊಣಾಜೆಯಲ್ಲಿದ್ದ ಅಂಥದೇ ಕೇಂದ್ರ 1980ರಲ್ಲಿ ಮಂಗಳೂರು ವಿವಿ ಆಯಿತು. ಬೆಂಗಳೂರು ವಿವಿ 2017ರಲ್ಲಿ ಮೂರಾಯಿತು. ಪ್ರತಿ ಸಲ ಹೊಸ ಕುಲಪತಿ, ಹೊಸ ರಿಜಿಸ್ಟ್ರಾರ್, ಹೊಸ ಸಿಂಡಿಕೇಟ್. ಇತ್ತೀಚೆಗೆ ಹಾವೇರಿ, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಅಂತ ಜಿಲ್ಲೆ ಜಿಲ್ಲೆಗೆ ಮಾಡಿದರು, ದುಡ್ಡು ಸಾಲದೆ 2025ರಲ್ಲಿ ಅವನ್ನು ಮುಚ್ಚುವ ಮಾತೂ ಬಂತು. ಆ ಕ್ಯಾಂಪಸ್‌ಗಳಲ್ಲಿ ಓದುತ್ತಿದ್ದ ಮಕ್ಕಳು ಎಷ್ಟು ಗಾಬರಿಯಾಗಿದ್ದಿರಬೇಕು ಯೋಚಿಸಿ.

ಕ್ಯಾಲಿಫೋರ್ನಿಯಾದವರು ಡೇವಿಸ್, ರಿವರ್‌ಸೈಡ್ ದೊಡ್ಡದಾದಾಗ 1959ರಲ್ಲಿ ಅವನ್ನು ಬೇರೆ ಯುನಿವರ್ಸಿಟಿ ಮಾಡದೆ, ಅದೇ ರೀಜೆಂಟ್ಸ್ ಕೆಳಗೆ ಪೂರ್ಣ ಕ್ಯಾಂಪಸ್ ಮಾಡಿದರು. ಹೊಸ ಕ್ಯಾಂಪಸ್ ಮೊದಲ ದಿನದಿಂದಲೇ ಹಳೆಯದರ ಮಟ್ಟದ ಅಧ್ಯಾಪಕರನ್ನು ಹುಡುಕಲೇಬೇಕು, ಬಡ್ತಿಯ ನಿಯಮ ಎಲ್ಲರಿಗೂ ಒಂದೇ. ನಮ್ಮಲ್ಲಿ ರಾಜ್ಯಪಾಲರು ಕುಲಾಧಿಪತಿಗಳು, ಕುಲಪತಿಗೆ ನಾಲ್ಕು ವರ್ಷ. ನಾಲ್ಕು ವರ್ಷದಲ್ಲಿ ಯಾರು ಏನು ಕಟ್ಟೋಕೆ ಆಗುತ್ತೆ ಹೇಳಿ? ಜಿಲ್ಲೆಗೊಂದು ಬೋರ್ಡು ಹಾಕುವ ಬದಲು ಒಂದೇ ಗಟ್ಟಿ ಯುನಿವರ್ಸಿಟಿಗೆ ಹತ್ತು ಒಳ್ಳೆಯ ಕ್ಯಾಂಪಸ್ ಮಾಡಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸ್ಯಾನ್ ಹೋಸೆ ಅಮ್ಮ

ಸ್ಟೇಟ್ ಯುನಿವರ್ಸಿಟಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ಅಲ್ವಾ, ನನ್ನ ಮಗ ಅಲ್ಲೇ ಓದಿದ್ದರಿಂದ ಬರೆಯುತ್ತೇನೆ. ಅದು ಪೂರ್ತಿ ಬೇರೆ ವ್ಯವಸ್ಥೆ. ಮಂಡಳಿ ಬೇರೆ, ಮುಖ್ಯ ಕಚೇರಿ ಲಾಂಗ್ ಬೀಚ್‌ನಲ್ಲಿ, ಕ್ಯಾಂಪಸ್ ಇಪ್ಪತ್ತಕ್ಕೂ ಜಾಸ್ತಿ. ಅಲ್ಲಿ ಹುದ್ದೆಗಳ ಹೆಸರು ಅದಲು ಬದಲು: ಇಡೀ ವ್ಯವಸ್ಥೆಗೆ ಚಾನ್ಸಲರ್, ಕ್ಯಾಂಪಸ್‌ಗೆ ಪ್ರೆಸಿಡೆಂಟ್. ವೆಬ್‌ಸೈಟ್ ನೋಡುವಾಗ ಗೊಂದಲ ಆಗದಿರಲಿ ಅಂತ ಹೇಳಿದೆ.

1960ರಲ್ಲಿ ರಾಜ್ಯದವರು ಒಂದು ಮಾಸ್ಟರ್ ಪ್ಲಾನ್ ಮಾಡಿದರು. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗ ಯುಸಿಗೆ, ಮೇಲಿನ ಮೂರನೇ ಒಂದು ಭಾಗ ಸ್ಟೇಟ್‌ಗೆ, ಉಳಿದ ಯಾರೇ ಬಂದರೂ ಕಮ್ಯುನಿಟಿ ಕಾಲೇಜಿಗೆ. ಪಿಎಚ್‌ಡಿ, ದೊಡ್ಡ ಸಂಶೋಧನೆ ಯುಸಿ ಪಾಲಿಗೆ. ಸ್ಟೇಟ್‌ನಲ್ಲಿ ಪಾಠಕ್ಕೇ ಒತ್ತು. ಮಗನ ಕ್ಲಾಸಿನಲ್ಲಿ ಪ್ರೊಫೆಸರ್‌ಗೆ ಪ್ರತಿಯೊಬ್ಬರ ಹೆಸರೂ ಗೊತ್ತಿತ್ತು, ಅದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ. ಖರ್ಚೂ ಯುಸಿಗಿಂತ ಕಡಿಮೆ.

ಕಮ್ಯುನಿಟಿ ಕಾಲೇಜು ಅಂದರೆ ಇಲ್ಲಿನ ಕೆಲವರು ಮುಖ ಸಿಂಡರಿಸುತ್ತಾರೆ, ಹಾಗೆ ಮಾಡಬಾರದು. ರಾಜ್ಯದಲ್ಲಿ 116 ಇವೆ. ಎರಡು ವರ್ಷ ಅಲ್ಲಿ ಓದಿ, ಹೇಳಿದ ಕೋರ್ಸ್, ಹೇಳಿದ ಅಂಕ ತೆಗೆದರೆ ಆರು ಯುಸಿ ಕ್ಯಾಂಪಸ್‌ಗಳು ಸೀಟು ಖಾತ್ರಿ ಮಾಡುವ ಒಪ್ಪಂದ ಇದೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಇದರಲ್ಲಿ ಇಲ್ಲ. ಕೆಲವು ವಿಷಯಗಳಿಗೆ ಒಪ್ಪಂದ ಅನ್ವಯ ಆಗಲ್ಲ, ಆಯಾ ಕ್ಯಾಂಪಸ್‌ನ ಪಟ್ಟಿ ನೋಡಿಯೇ ಮುಂದುವರಿಯಿರಿ. ಮೊದಲ ಎರಡು ವರ್ಷದ ಫೀಸು ಎಷ್ಟೋ ಉಳಿಯುತ್ತದೆ. ಒಂದೇ ಕಷ್ಟ, ಹೆಚ್ಚಿನ ಕಡೆ ಹಾಸ್ಟೆಲ್ ಇರಲ್ಲ. ಒಬ್ಬಳೇ ಬರುವ ಹುಡುಗಿಗೆ ಮನೆ ಹುಡುಕೋದು ಸುಲಭ ಅಲ್ಲ, ಅದನ್ನು ಮೊದಲೇ ಯೋಚಿಸಿ.

ದಾವಣಗೆರೆ ತಂದೆ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳಿಗೂ ಓದಿಸಿದೆ. ಮೇಷ್ಟ್ರೇ, ಶಿವಗಂಗೋತ್ರಿ ನಮ್ಮ ತೋಟದಿಂದ ಹತ್ತಿರವೇ, ನೀವು ಹೇಳಿದ್ದು ಮನಸ್ಸಿಗೆ ತಾಕಿತು. ಇನ್ನೊಂದು ಪ್ರಶ್ನೆ ಉಳಿದಿದೆ. ಫೀಸು ಯಾರು ನಿಗದಿ ಮಾಡೋದು, ಕ್ಯಾಂಪಸ್ಸಾ, ರೀಜೆಂಟ್ಸಾ? ಮರ್ಸೆಡ್‌ನಲ್ಲಿ ಕಡಿಮೆ ಅಂತಲೂ ಹೇಳಿದ್ದರು.

ಡೇವಿಸ್ ಕನ್ನಡಿಗ

ಮೂಲ ಫೀಸು ರೀಜೆಂಟ್ಸ್ ನಿಗದಿ ಮಾಡುತ್ತಾರೆ, ಎಲ್ಲಾ ಕ್ಯಾಂಪಸ್‌ಗೂ ಒಂದೇ. ಹೊರ ರಾಜ್ಯ, ಹೊರ ದೇಶದವರು ಅದರ ಮೇಲೆ ವರ್ಷಕ್ಕೆ 30 ಸಾವಿರ ಡಾಲರಿಗಿಂತ ಜಾಸ್ತಿ ಸೇರಿಸಿ ಕೊಡಬೇಕು, ಅದೂ ಎಲ್ಲಾ ಕಡೆ ಒಂದೇ. ಮರ್ಸೆಡ್‌ನಲ್ಲಿ ಕಡಿಮೆ ಬೀಳೋದು ಮನೆ ಬಾಡಿಗೆ, ಊಟದ ಖರ್ಚು ಅಷ್ಟೇ. ಸ್ಟೂಡೆಂಟ್ ವೀಸಾದಲ್ಲಿ ಬಂದವರು ನಾಲ್ಕು ವರ್ಷ ಇಲ್ಲೇ ಇದ್ದರೂ ಸ್ಥಳೀಯರ ಫೀಸಿಗೆ ಬರಲ್ಲ, ಇದನ್ನು ಯಾರಾದರೂ ಬೇರೆ ತರಹ ಹೇಳಿದರೆ ನಂಬಬೇಡಿ. ಇನ್ನು, 2017ರಲ್ಲಿ ರೀಜೆಂಟ್ಸ್ ಹೊರಗಿನ ಡಿಗ್ರಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕಿದರು. ಬರ್ಕ್ಲಿ, ಲಾಸ್ ಏಂಜಲೀಸ್‌ನಂಥ ಕಡೆ ಪೈಪೋಟಿ ಬಿಗಿಯಾಗಲು ಅದೂ ಒಂದು ಕಾರಣ.

ಎಸ್‌ಎಟಿ (ಅಮೆರಿಕಾದ ಕಾಲೇಜು ಪ್ರವೇಶ ಪರೀಕ್ಷೆ) ಕೋಚಿಂಗ್ ಅಂತ ದುಡ್ಡು ಕೇಳಿದ್ದರೆ ಯುಸಿಗೆ ಅದು ಬೇಕಿಲ್ಲ, ಪ್ರವೇಶಕ್ಕೆ ಆ ಅಂಕ ನೋಡೋದನ್ನೇ ಬಿಟ್ಟಿದ್ದಾರೆ. ಅದರ ಬದಲು ಅರ್ಜಿಯ ಪ್ರಬಂಧಗಳಿಗೆ ಮಗಳು ಸಮಯ ಕೊಡಲಿ. ಅಡಿಕೆ ತೋಟದಲ್ಲಿ ಅವಳು ಕಣ್ಣಾರೆ ನೋಡಿದ ಕೊಳೆ ರೋಗದ ಬಗ್ಗೆಯೇ ಬರೆಯಬಹುದು. ಬರೆದ ಮೇಲೆ ಇಲ್ಲಿ ಹೇಳಿ, ಓದಿ ಅಭಿಪ್ರಾಯ ಕೊಡುತ್ತೇನೆ.