ಪುಟ್ಟಿ ರಾಜಮಾಚಿಗೆ ಹೋಗೋ ವಿಷಯ

ತಂಗಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ದೇವರಿಗೆ ದೀಪ ಹಚ್ಚಿ ಈಗ ಕೂತೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯ್ತು ಅಂತ ಯಾರೂ ಅರ್ಧಕ್ಕೆ ಬಿಡಬೇಡಿ, ಡೊಂಬಿವಲಿಯ ಅತ್ತಿಗೆ, ನೀವೂ ಕೇಳಿ, ನಿಮ್ಮ ಮೊಮ್ಮಕ್ಕಳೂ ಬೆಟ್ಟ ಹತ್ತುವವರೇ ಅಲ್ವಾ.

ಯುಗಾದಿ ಮುಗಿದ ಭಾನುವಾರ ನಿನ್ನ ಮಗಳು ಪುಟ್ಟಿ ಕಾಲೇಜಿನವರ ಜೊತೆ ಲೋಣಾವಳದ ಹತ್ತಿರದ ರಾಜಮಾಚಿ ಕೋಟೆಗೆ ಹೋಗುತ್ತಾಳಂತೆ, ಜಲಪಾತ, ಕಾಡುಹೂವು, ಮೇಲಿಂದ ಕಾಣುವ ಕಣಿವೆ ಎಲ್ಲಾ ನೋಡಬೇಕಂತೆ. ನಿನಗೆ ಲೋಣಾವಳದ ಆ ಭೂಶಿ ಡ್ಯಾಮಿನ ವಿಡಿಯೋ ಕಣ್ಣ ಮುಂದೆ ಬಂದು ನಿದ್ದೆ ಹತ್ತುತ್ತಿಲ್ಲ, ಕಳಿಸಲೋ ಬೇಡವೋ ಅಂತ ಕೇಳಿದ್ದೀಯ. ಅದು 2024ರ ಜೂನ್ 30, ಮಳೆಗಾಲ. ನೋಡನೋಡುತ್ತಾ ನೀರು ಏರಿ ಒಂದೇ ಮನೆಯ ಐದು ಜನ ಹೋದರು. ಆ ಭಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೋ. ಈಗ ಮಾರ್ಚ್. ಲೋಣಾವಳದ ಕಡೆಯ ಜಲಪಾತಗಳು ಈಗ ಬಂಡೆಯ ಮೇಲಿನ ಕಪ್ಪು ಕಲೆ ಅಷ್ಟೇ. ಗೋವಾ ಗಡಿಯ ದೂಧಸಾಗರವೇ ಈ ಹೊತ್ತಿಗೆ ಸಣಕಲಾಗಿರುತ್ತದೆ. ಹೂವು ಅಂದರೆ ಸಾತಾರಾ ಕಡೆಯ ಕಾಸ್ ಪಠಾರದ ಫೋಟೋ ನೋಡಿಕೊಂಡು ಹೊರಟಿದ್ದಾಳೇನೋ, ಅದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲವರೆಗೆ. ಈಗ ನೆಲದ ಮೇಲೆ ಒಣಹುಲ್ಲು, ಹೂವೆಲ್ಲಾ ಮರದ ಮೇಲೆ. ಮುತ್ತುಗ, ಬೂರುಗ, ಹಾಲುವಾಣ. ಎಲೆಯೇ ಇಲ್ಲದ ಕೊಂಬೆ ತುಂಬಾ ಕೆಂಪು. ಅದೂ ನೋಡುವಂಥದ್ದೇ.

ಆದರೆ ಹೂವು ಇದ್ದ ಕಡೆ ಹೆಜ್ಜೇನು ಇರುತ್ತದೆ. ನನ್ನ ಭಯ ಅದು. ಇಲ್ಲಿ ಮರಾಠಿಯವರು ಅದಕ್ಕೆ ಆಗ್ಯಾ ಮೋಹೋಳ್ ಅನ್ನುತ್ತಾರೆ. ಕೋಟೆಯ ಕಡಿದಾದ ಬಂಡೆ ಎಲ್ಲಿ ಮುಂದಕ್ಕೆ ಚಾಚಿರುತ್ತದೋ ಅದರ ಅಡಿಗೇ ಕಟ್ಟುತ್ತದೆ. ನಾವು ಕಣಿವೆ ನೋಡೋಣ ಅಂತ ನಿಲ್ಲುವುದೂ ಅಂಥ ಬಂಡೆಯ ನೆತ್ತಿಯ ಮೇಲೇ.

ನಮ್ಮ ಲೋಹಗಡ ಕೋಟೆಯ ಕಥೆ ನಿಮಗೆಲ್ಲಾ ಗೊತ್ತು, ಆದರೆ ಪೂರ್ತಿ ಗೊತ್ತಿಲ್ಲ. 1998ರ ಮಾರ್ಚ್. ಪುಣೆಯಿಂದ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿದು, ಭಾಜೆ ಗುಹೆಗಳನ್ನು ನೋಡಿಕೊಂಡು ಹತ್ತಿದೆವು. ಇಪ್ಪತ್ತೆರಡು ಜನ. ನಮ್ಮ ಚಿಕ್ಕವನಿಗೆ ಆಗ ಐದು ವರ್ಷ. ಮೇಲೆ ವಿಂಚೂಕಡಾ, ಅಂದರೆ ಚೇಳಿನ ಬಾಲದಂಥ ಕೋಟೆಯ ತುದಿ, ಅದರ ತನಕ ಹೋಗಿ ಪವನಾ ಡ್ಯಾಮಿನ ನೀರು ನೋಡಿ ಬಂದೆವು, ಎಷ್ಟು ಸಂತೋಷವಾಗಿತ್ತು ಅಂದರೆ ಹೇಳೋಕಾಗದು. ವಾಪಸ್ ಬರುವಾಗ ಪ್ರವಾಸ ಏರ್ಪಡಿಸಿದ್ದವರು ಒಂದು ಬಂಡೆಯ ನೆರಳಲ್ಲಿ ಮೂರು ಕಲ್ಲಿಟ್ಟು, ಒಣಗಿದ ಕಾರವಿ ಗಿಡದ ಕಡ್ಡಿ ಹಚ್ಚಿ ಚಹಾಕ್ಕೆ ಇಟ್ಟರು. ನಾನು ತಲೆ ಎತ್ತಿ ನೋಡಿದೆ. ಮೇಲೆ ಕಪ್ಪು ಕಂಬಳಿ ತೂಗುಹಾಕಿದ ಹಾಗೆ ಹೆಜ್ಜೇನಿನ ಹುಟ್ಟಿ. ಅದರ ಮೈಮೇಲೆ ಒಂದು ಅಲೆ ಹರಿಯಿತು, ಗಾಳಿಗೆ ಜೋಳದ ಹೊಲ ಬಾಗುತ್ತದಲ್ಲ, ಹಾಗೆ. ಬೆಂಕಿ ಆರಿಸಿ ಅಂತ ಕೂಗಿದೆ. ಹೊಗೆ ಆಗಲೇ ಮೇಲೆ ಹೋಗಿಯಾಗಿತ್ತು.

ಆಮೇಲೆ ಬರೀ ಸದ್ದು. ಮಗುವನ್ನು ಸೆರಗಿನೊಳಗೆ ಸುತ್ತಿಕೊಂಡು ಮೆಟ್ಟಿಲು ಇಳಿದು ಓಡಿದೆ. ಇವರು ಓಡಲಿಲ್ಲ, ನಮ್ಮನ್ನು ಕಾಯಬೇಕು ಅಂತ ನಿಂತು ಟವೆಲ್ ಬೀಸಿದರು. ಅದೇ ತಪ್ಪಾಯಿತು. ಒಂದು ಕಚ್ಚಿದರೆ ಅದರ ವಾಸನೆಗೆ ನೂರು ಬರುತ್ತವೆ. ಬಾಳೆಹಣ್ಣಿನಂಥ ವಾಸನೆ ಅದು, ಆ ದಿನ ಇವರ ಅಂಗಿಯಲ್ಲಿ ಬಂದದ್ದು ಇನ್ನೂ ನನ್ನ ಮೂಗಿನಲ್ಲಿದೆ. ಭಾಜೆಯ ಒಬ್ಬ ಅಜ್ಜ ತನ್ನ ಕಂಬಳಿ ಹೊದಿಸಿ ಇವರನ್ನು ಕೆಳಗೆ ತಂದ. ರಾತ್ರಿ ಆಸ್ಪತ್ರೆಯಲ್ಲಿ ಇವರ ತಲೆಯಿಂದ, ಕುತ್ತಿಗೆಯಿಂದ ಮುಳ್ಳು ಕೀಳುತ್ತಾ ಎಣಿಸಿದೆ. 63. ಕಣ್ಣು ಎರಡು ದಿನ ತೆರೆಯಲಿಲ್ಲ.

ಅದಕ್ಕೇ ಹೇಳುತ್ತೇನೆ, ಬಂಡೆಯ ಹತ್ತಿರ ಹೊಗೆ ಬೇಡ, ಮೈಗೆ ಸೆಂಟು ಬೇಡ. ಸಿಗರೇಟೂ ಬೇಡ, ಮ್ಯಾಗಿ ಬೇಯಿಸುವುದೂ ಬೇಡ.

ಬೆಂಕಿ ಹಚ್ಚಿದವರು ಆಸ್ಪತ್ರೆಗೆ ಬಂದು ಒಂದು ಮಾತು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಮುಂದಿನ ವರ್ಷ ರಾಜ್ಯೋತ್ಸವದ ಊಟದಲ್ಲಿ ಎದುರಿಗೇ ಕೂತು, ಅವತ್ತು ಇವರು ತಲೆಗೆ ವಾಸನೆ ಎಣ್ಣೆ ಹಚ್ಚಿದ್ದರು, ಅದಕ್ಕೇ ಹೀಗಾಯಿತು ಅಂತ ನಾಲ್ಕು ಜನರಿಗೆ ಹೇಳಿದರು. ಇವರು ಸುಮ್ನೆ ತಲೆ ತಗ್ಗಿಸಿ ಉಂಡರು. ಮನೆಯಲ್ಲಿ ಅತ್ತೆಯವರದು ಇನ್ನೊಂದು. ಹೆಂಗಸರಿಗೆ ಯಾಕೆ ಬೆಟ್ಟ, ಇವಳೇ ಕುಣಿದು ಗಂಡನನ್ನು ಕರೆದುಕೊಂಡು ಹೋದಳು ಅಂದರು. ಧಾರವಾಡದ ತನಕ ಅದೇ ಮಾತು ಹೋಯಿತು. ನಿಮ್ಮಲ್ಲಿ ಯಾರೂ ಆಗ ನನ್ನ ಪರ ಒಂದು ಮಾತಾಡಲಿಲ್ಲ, ತಂಗಿ, ನೀನೂ ಆಡಲಿಲ್ಲ. ಹರಿಶ್ಚಂದ್ರಗಡದ ಕೊಂಕಣಕಡಾ ಅನ್ನುವ ಆ ದೊಡ್ಡ ಕಡಿದಾದ ಬಂಡೆ ನೋಡಬೇಕು ಅಂತ ಎಷ್ಟು ಆಸೆಯಿತ್ತು ನನಗೆ. ಈಗ ಮಂಡಿಯೇ ಒಪ್ಪುವುದಿಲ್ಲ. ಬಿಡು, ಬೇಸರ ಮಾಡಿಸೋಕೆ ಹೇಳಲಿಲ್ಲ, ಬಾಯಿಗೆ ಬಂತು.

ಅಯ್ಯೋ, ನೀನು ಕೇಳಿದ್ದು ಕಳಿಸಲೋ ಬೇಡವೋ ಅಂತ. ಕಳಿಸು. ನನ್ನ ಹಾಗೆ ಅವಳು ಮನೆಯಲ್ಲಿ ಕೂರಬಾರದು.

ಆದರೆ ಲೋಣಾವಳದಿಂದ ರಾಜಮಾಚಿ ಹದಿನೈದು ಕಿಲೋಮೀಟರಿನಷ್ಟು ನಡಿಗೆ, ಅದು ಈ ಬಿಸಿಲಿಗೆ ಜಾಸ್ತಿ. ಶನಿವಾರವೇ ಹೋಗಿ ಕೋಟೆಯ ಕೆಳಗಿನ ಉಧೇವಾಡಿಯಲ್ಲಿ ಉಳಿಯಲಿ, ಅಲ್ಲಿ ಮನೆಗಳಲ್ಲೇ ಊಟ ಹಾಕುತ್ತಾರೆ. ಭಾನುವಾರ ಬೆಳಕು ಹರಿಯುವಾಗ ರಾಜಮಾಚಿಯ ಶ್ರೀವರ್ಧನ ಕೋಟೆಗೆ ಹತ್ತಿ ಬಿಸಿಲೇರುವ ಮುಂಚೆ ಇಳಿದುಬಿಡಲಿ. ಹತ್ತುವ ಮುಂಚೆ ಊರಿನವರನ್ನು, ಮೋಹೋಳ್ ಯಾವ ಕಡೆ ಇದೆ ಅಂತ ಒಂದು ಮಾತು ಕೇಳಲಿ, ಅವರಿಗೆ ಗೊತ್ತಿರುತ್ತದೆ. ಹಳ್ಳಗಳು ಬತ್ತಿರುತ್ತವೆ, ಒಬ್ಬೊಬ್ಬರಿಗೂ ಮೂರು ಲೀಟರ್ ನೀರು ಬೇಕು. ತುಂಬು ತೋಳಿನ ಬಿಳಿ ಅಥವಾ ತಿಳಿ ಬಣ್ಣದ ಹತ್ತಿ ಬಟ್ಟೆ, ಜೊತೆಗೆ ಅಗಲದ ದುಪಟ್ಟಾ ಇರಲಿ. ಹೆಜ್ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು, ಹೆಜ್ಜೆ ನೋಡಿಕೊಂಡು ದೂರ ಓಡಬೇಕು, ನಿಲ್ಲಬಾರದು. ನೀರಿಗೆ ಹಾರಬಾರದು, ಅವು ಮೇಲೆ ಕಾಯುತ್ತವೆ. ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಬೇಕು. ತುಟಿ, ಗಂಟಲು ಊದಿದರೆ, ಉಸಿರು ಕಟ್ಟಿದರೆ ಮನೆ ಮದ್ದು ಅಂತ ಕೂರದೆ 108ಕ್ಕೆ ಫೋನ್ ಮಾಡಬೇಕು.

ಇನ್ನೊಂದು ಸಲ ಹೇಳುತ್ತೇನೆ, ಹೊಗೆ ಬೇಡ, ಸೆಂಟು ಬೇಡ. ಜೊತೆಗೆ ಬರುವ ಹುಡುಗರಿಗೂ ಅವಳೇ ಹೇಳಲಿ, ನಾಚಿಕೆ ಪಡಬಾರದು.

ಶುಕ್ರವಾರ ಸಂಜೆ ಕೋಥರೂಡಿನ ನಮ್ಮ ಮನೆಗೆ ಬಂದು ಹೋಗಲಿ. ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿ ಇಟ್ಟಿರುತ್ತೇನೆ. ಮುತ್ತುಗದ ಹೂವು ಕೆಳಗೆ ಬಿದ್ದಿದ್ದರೆ ನನಗೆ ಎರಡು ತರಲಿ.