ಕೈ ಬದಲಾದ ಕೊಡವ ಹೋಟೆಲಿನಲ್ಲಿ ಪಂದಿ ಕರಿಯ ರುಚಿ ಕೆಟ್ಟಿದೆ. ಹೊಸ ಮಾಲೀಕರಿಗೆ ಹೇಗೆ ಹೇಳುವುದು?

ಪ್ರಶ್ನೆ

ಬ್ಯಾಂಕಿನ ಕೆಲಸದ ಮೇಲೆ ಐದು ವರ್ಷ ವಿರಾಜಪೇಟೆಯಲ್ಲಿದ್ದ ನನಗೆ ಕೊಡವರ ಊಟದ ರುಚಿ ಹತ್ತಿದ್ದು ಅಲ್ಲಿಯೇ. ಬೆಂಗಳೂರಿಗೆ ವರ್ಗವಾಗಿ ಬಂದ ಮೇಲೆ, ನಮ್ಮ ಬಡಾವಣೆಯ ಅಡ್ಡರಸ್ತೆಯೊಂದರಲ್ಲಿ ಕೊಡಗಿನ ದಂಪತಿ ನಡೆಸುತ್ತಿದ್ದ ಆರು ಮೇಜಿನ ಸಣ್ಣ ಹೋಟೆಲು ಸಿಕ್ಕಿತು. ಯಜಮಾನರು ಗಲ್ಲಾದಲ್ಲಿ, ಅವರ ಮನೆಯವರು ಒಲೆಯ ಮುಂದೆ. ಒಂಬತ್ತು ವರ್ಷ ಹೆಚ್ಚುಕಡಿಮೆ ಪ್ರತಿ ಭಾನುವಾರ ಮಧ್ಯಾಹ್ನ ನಾವು ಅಲ್ಲಿಯೇ ಊಟ ಮಾಡಿದ್ದೇವೆ. ನನ್ನ ಮಗಳು ಮೊದಲ ಬಾರಿ ನೂಪುಟ್ಟು (ಅಕ್ಕಿ ಶಾವಿಗೆ) ತಿಂದದ್ದು ಆ ಅಮ್ಮನ ಕೈಯಿಂದ.

ವಯಸ್ಸಾಯಿತೆಂದು ಅವರು ಕಳೆದ ಡಿಸೆಂಬರಿನಲ್ಲಿ ಹೋಟೆಲನ್ನು ಬೇರೆಯವರಿಗೆ ವಹಿಸಿಕೊಟ್ಟು ಊರಿಗೆ ಮರಳಿದರು. ಹೆಸರು ಅದೇ, ಬೋರ್ಡು ಅದೇ, ಗೋಡೆಯ ಮೇಲಿನ ಒಡಿಕತ್ತಿಯೂ (ಕೊಡವರ ಸಾಂಪ್ರದಾಯಿಕ ಕತ್ತಿ) ಇದ್ದಲ್ಲಿಯೇ ಇದೆ. ಆದರೆ ಜನವರಿ, ಫೆಬ್ರವರಿಯಲ್ಲಿ ಮೂರು ಸಲ ಹೋಗಿ, ಮೂರು ಸಲವೂ ಮನಸ್ಸು ಕೆಡಿಸಿಕೊಂಡು ಬಂದಿದ್ದೇನೆ. ಮೊದಲು ಹಂದಿ ಮಾಂಸದ ಅಡುಗೆಯಾದ ಪಂದಿ ಕರಿಯ ಮಸಾಲೆ ಕಪ್ಪಗೆ, ಗಟ್ಟಿಯಾಗಿ ತುಂಡುಗಳಿಗೆ ಅಂಟಿಕೊಂಡಿರುತ್ತಿತ್ತು. ಈಗ ಅದು ಕೆಂಪಗಿದೆ, ಮೇಲೆ ಎಣ್ಣೆ ತೇಲುತ್ತದೆ, ಟೊಮೆಟೊ ಸಿಪ್ಪೆ ನಾಲಿಗೆಗೆ ಸಿಗುತ್ತದೆ. ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟನ್ನು ಮುರಿದರೆ ತರಿತರಿಯಾಗಿ ಬಿಡಿಸಿಕೊಳ್ಳುವ ಬದಲು ಗೋಂದಿನಂತೆ ಬೆರಳಿಗೆ ಎಳೆಯುತ್ತದೆ. ಮೆನುವಿನಲ್ಲಿ ಅಣಬೆಯ ಕುಮ್ಮು ಕರಿಯೂ ಇಲ್ಲ, ಬಿದಿರು ಕಣಿಲೆಯ ಬೈಂಬಳೆಯೂ ಇಲ್ಲ. ಅವುಗಳ ಜಾಗಕ್ಕೆ ಗೋಬಿ ಮಂಚೂರಿ, ಬಟರ್ ಚಿಕನ್ ಬಂದಿವೆ. ಬಿಲ್ಲಿನ ಕೊನೆಯಲ್ಲಿ ಶೇಕಡ 10ರಷ್ಟು ಸರ್ವಿಸ್ ಚಾರ್ಜನ್ನೂ ಸೇರಿಸಿದ್ದಾರೆ.

ಹೊಸ ಮಾಲೀಕರು ಮೂವತ್ತರ ಆಸುಪಾಸಿನ ತರುಣ, ಕೊಡಗಿನವರಲ್ಲ. ಪ್ರತಿ ಮೇಜಿನ ಬಳಿಗೂ ಬಂದು "ಊಟ ಹೇಗಿದೆ ಸರ್" ಎಂದು ಕೇಳುತ್ತಾರೆ. ಮೂರು ಸಲವೂ "ಚೆನ್ನಾಗಿದೆ" ಎಂದು ಸುಳ್ಳು ಹೇಳಿ ಎದ್ದು ಬಂದದ್ದು ನನ್ನನ್ನು ಕಾಡುತ್ತಿದೆ. ಆ ಜಾಗ ಕೈತಪ್ಪಿ ಹೋಗಬಾರದು ಎಂಬ ಆಸೆ ನನಗಿದೆ. ಅವರಿಗೆ ನೋವಾಗದಂತೆ, ಆದರೆ ಉಪಯೋಗವಾಗುವಂತೆ ಏನು ಹೇಳಬೇಕು?

ಉತ್ತರ 1

ನಾನು ಗೋಣಿಕೊಪ್ಪದ ಕಡೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನೀವು ಬರೆದಿರುವ ಲಕ್ಷಣಗಳನ್ನು ಓದಿದರೆ ಅಡುಗೆಮನೆಯಲ್ಲಿ ಏನಾಗಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ: ಅಲ್ಲಿ ಕಾಚಂಪುಳಿ ಇಲ್ಲ.

ಮಲೆನಾಡಿನವರು ಉಪ್ಪಾಗೆ ಎಂದು ಕರೆಯುವ ಹಣ್ಣಿನಿಂದಲೇ ನಾವು ಕಾಚಂಪುಳಿ ಮಾಡುವುದು. ಮಳೆಗಾಲದಲ್ಲಿ ಹಣ್ಣಾಗಿ ಉದುರಿದ್ದನ್ನು ಆರಿಸಿ ತಂದು, ಬುಟ್ಟಿಯಲ್ಲಿ ತುಂಬಿ, ಕೆಳಗೆ ಪಾತ್ರೆಯಿಟ್ಟರೆ ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಕಪ್ಪಗೆ, ಜೇನಿನಂತೆ ಮಂದವಾಗುವವರೆಗೆ ಕುದಿಸಿ ಬಾಟಲಿಗೆ ತುಂಬುತ್ತಾರೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಒಂದು ಕಿಲೋ ಮಾಂಸಕ್ಕೆ ಚಮಚದ ಲೆಕ್ಕದಲ್ಲಿ, ಅದೂ ಮಾಂಸ ಬೆಂದ ಮೇಲೆ ಹಾಕುವ ಪದಾರ್ಥ ಅದು. ಹುಣಸೆಹಣ್ಣು, ನಿಂಬೆ, ವಿನಿಗರ್ ಇವು ಹುಳಿಯನ್ನು ಕೊಡಬಲ್ಲವೇ ಹೊರತು, ಕಾಚಂಪುಳಿಯ ಆ ಹೊಗೆಯಂಥ ಒಗರನ್ನೂ ಕಪ್ಪು ಬಣ್ಣವನ್ನೂ ಕೊಡಲಾರವು. ಟೊಮೆಟೊಗಂತೂ ನಮ್ಮ ಮನೆಯ ಪಂದಿ ಕರಿಯಲ್ಲಿ ಕೆಲಸವೇ ಇಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಸಾಸಿವೆ ಇವನ್ನು ಎಣ್ಣೆ ಹಾಕದೆ ಹುರಿಯುವಾಗ ಇನ್ನೊಂದು ಕ್ಷಣ ಬಿಟ್ಟರೆ ಸೀದೀತು ಎನ್ನುವ ಹದದವರೆಗೆ ಹುರಿಯಬೇಕು. ಕೊಬ್ಬು ಮತ್ತು ಚರ್ಮ ಇರುವ ಮಾಂಸವಾದರೆ ಅದರ ಜಿಡ್ಡಿನಲ್ಲಿಯೇ ಅದು ಬೇಯುತ್ತದೆ. ಎಣ್ಣೆ ತೇಲುತ್ತಿದೆ ಎಂದರೆ ಎಲ್ಲ ಮಸಾಲೆ ಅಡುಗೆಯ ಹಾಗೆ ಈರುಳ್ಳಿ, ಟೊಮೆಟೊವನ್ನು ಎಣ್ಣೆಯಲ್ಲಿ ಬಾಡಿಸಿಯೇ ಶುರು ಮಾಡಿದ್ದಾರೆ ಎಂದು ನನಗೆ ತೋರುತ್ತದೆ.

ಕಡಂಬುಟ್ಟು ಅಂಟಾಗುವುದಕ್ಕೆ ಕಾರಣ ತರಿ. ಅಕ್ಕಿಯನ್ನು ತೊಳೆದು, ಆರಿಸಿ, ರವೆಯಂತೆ ಒಡೆಸಿ, ಜರಡಿ ಹಿಡಿದು ನುಣುಪು ಹಿಟ್ಟನ್ನು ತೆಗೆದುಬಿಡಬೇಕು. ಅಂಗಡಿಯ ಅಕ್ಕಿಹಿಟ್ಟನ್ನೋ ಇಡ್ಲಿ ರವೆಯನ್ನೋ ಬಳಸಿದರೆ ನೀವು ಹೇಳಿದ ಹಾಗೆಯೇ ಎಳೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಆ ತರುಣನ ಪರ. ಕಾಡಿನ ಅಣಬೆಯೂ ಬಿದಿರು ಕಣಿಲೆಯೂ ಮಳೆಗಾಲದವು. ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಬೇಯಿಸಿದರೇನೇ ಅದರೊಳಗಿನ ವಿಷದ ಅಂಶ ಹೋಗುವುದು. ಗೊತ್ತಿಲ್ಲದವರು ಅದನ್ನು ಮಾಡದಿರುವುದೇ ಕ್ಷೇಮ. ಫೆಬ್ರವರಿಯಲ್ಲಿ ಕುಮ್ಮು, ಬೈಂಬಳೆ ಇಲ್ಲವೆಂದು ಅವರ ಮೇಲೆ ಬೇಸರ ಬೇಡ.

ನೀವು "ಮೊದಲಿನ ಹಾಗಿಲ್ಲ" ಎನ್ನಬೇಡಿ. "ಹುಳಿಗೆ ಏನು ಹಾಕುತ್ತೀರಿ?" ಎಂದಷ್ಟೇ ಕೇಳಿ. ಕಾಚಂಪುಳಿ ಎಲ್ಲಿ ಸಿಗುತ್ತದೆ ಎಂದು ಅವರು ಕೇಳಿದರೆ, ವಸಂತನಗರದ ಕೊಡವ ಸಮಾಜದಲ್ಲಿ ನಡೆಯುವ ಮದುವೆಗಳಿಗೆ ಅಡುಗೆ ಮಾಡುವವರನ್ನು ವಿಚಾರಿಸಲು ತಿಳಿಸಿ.

ಉತ್ತರ 2

ನಾನು ಮೆಜೆಸ್ಟಿಕ್ ಹತ್ತಿರ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತೇನೆ. ಏಳು ವರ್ಷದ ಹಿಂದೆ ಇನ್ನೊಬ್ಬರಿಂದ ಕೊಂಡದ್ದು, ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಆ ತರುಣನ ಜಾಗದಲ್ಲಿ ನಿಂತು ಓದಿದೆ.

ಇಂಥ ವ್ಯವಹಾರದಲ್ಲಿ ಕಾಗದದ ಮೇಲೆ ಬರೆಯುವುದು ಪಾತ್ರೆ, ಒಲೆ, ಫ್ರಿಜ್ಜು, ಮೇಜು ಕುರ್ಚಿ, ಕಟ್ಟಡದವರಿಗೆ ಕೊಟ್ಟ ಅಡ್ವಾನ್ಸು ಮತ್ತು ಹೆಸರಿಗೆ ಇಷ್ಟು ಎಂದು ಒಂದು ಮೊತ್ತ. ಅಡುಗೆ ಯಾರೂ ಬರೆದು ಕೊಡುವುದಿಲ್ಲ, ಏಕೆಂದರೆ ಅದು ಎಲ್ಲಿಯೂ ಬರೆದಿರುವುದೇ ಇಲ್ಲ. ನಾನು ಕೊಂಡ ಮೂರನೆಯ ವಾರಕ್ಕೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಕೆಲಸ ಬಿಟ್ಟರು. ಹೊಸಬರು ತಟ್ಟಿದ ರೊಟ್ಟಿ ಅಂಚಿನಲ್ಲಿ ಬಿರಿಯುತ್ತಿತ್ತು. ಬಾಡಿಗೆ ಕಟ್ಟಬೇಕು, 19 ಕಿಲೋದ ಸಿಲಿಂಡರ್ ಇಷ್ಟು ದಿನ ಬರಲೇಬೇಕು ಎಂಬ ಲೆಕ್ಕದಲ್ಲಿಯೇ ಮುಳುಗಿದ್ದ ನನಗೆ, ಎಣಗಾಯಿ ಪಲ್ಯಕ್ಕೆ ಗುರೆಳ್ಳು ಕಡಿಮೆಯಾಗಿದೆ ಎಂಬುದೇ ಎರಡು ತಿಂಗಳು ತಿಳಿದಿರಲಿಲ್ಲ. ಹಳೆಯ ಗಿರಾಕಿಗಳು ಏನೂ ಹೇಳದೆ ಒಬ್ಬೊಬ್ಬರಾಗಿ ನಿಂತುಹೋದರು. ಒಬ್ಬ ಹಿರಿಯರು ಮಾತ್ರ ನಿಂತು ಹೇಳಿದರು: ಯಾವ ಪಲ್ಯ, ಮೊದಲು ಹೇಗಿತ್ತು, ಈಗ ಏನು ಕಡಿಮೆ ಎಂದು. ನನ್ನ ಖಾನಾವಳಿ ಉಳಿದದ್ದು ಅವರಿಂದ ಎಂದು ಇಂದಿಗೂ ನಂಬಿದ್ದೇನೆ.

ಗೋಬಿ ಮಂಚೂರಿಯನ್ನು ನೋಡಿ ನೊಂದುಕೊಳ್ಳಬೇಡಿ. ಮೊಬೈಲಿನಲ್ಲಿ ಬರುವ ಪಾರ್ಸೆಲ್ ಆರ್ಡರುಗಳಲ್ಲಿ ಜನ ಕೇಳುವುದು ಅದನ್ನೇ, ಮತ್ತು ಅದೇ ಬಾಡಿಗೆ ಕಟ್ಟುತ್ತಿರಬಹುದು. ಭಾನುವಾರ ಮಧ್ಯಾಹ್ನದ ಗದ್ದಲದಲ್ಲಿ ಹೇಳಲು ಹೋಗಬೇಡಿ. ವಾರದ ನಡುವೆ ಸಂಜೆ ನಾಲ್ಕರ ಹೊತ್ತಿಗೆ, ಒಲೆ ತಣ್ಣಗಿದ್ದಾಗ ಹೋಗಿ, ಅಡುಗೆಯವರನ್ನೂ ಜೊತೆಗೆ ಕೂರಿಸಿಕೊಂಡು ಮಾತಾಡಿ. ದಯವಿಟ್ಟು ಇಂಟರ್ನೆಟ್ಟಿನಲ್ಲಿ ಒಂದು ನಕ್ಷತ್ರ ಕೊಟ್ಟು ಬರೆಯುವ ಕೆಲಸ ಈಗಲೇ ಬೇಡ.

ಉತ್ತರ 3

ಇಂಟರ್ನೆಟ್ಟಿನಲ್ಲಿ ಬರೆಯಬೇಡಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ದಂಪತಿ ಒಂಬತ್ತು ವರ್ಷ ದುಡಿದು ಗಳಿಸಿದ ನಕ್ಷತ್ರಗಳು ಹೆಸರಿನ ಜೊತೆಗೇ ಹೊಸಬರ ಕೈಸೇರಿವೆ, ಆ ನಕ್ಷತ್ರಗಳನ್ನು ನಂಬಿ ದೂರದಿಂದ ಬರುವವರಿಗೆ ಕೈ ಬದಲಾಗಿರುವ ಸಂಗತಿ ಗೊತ್ತಿರುವುದಿಲ್ಲ. ನಿಂದಿಸುವುದು ಬೇಡ, "ಈ ತಿಂಗಳಿಂದ ಮಾಲೀಕರು ಬೇರೆ" ಎಂಬ ಒಂದು ಸಾಲನ್ನಾದರೂ ಬರೆಯುವುದು ನ್ಯಾಯ. ಹೆಸರು ಒಂದಾದರೂ ಕೈ ಬೇರೆಯಾಗಿರಬಹುದು ಎಂಬುದು ಬೆಂಗಳೂರಿಗೆ ಹೊಸದಲ್ಲ. 1924ರಲ್ಲಿ ಆರಂಭವಾದ ಎಂಟಿಆರ್ ಅನ್ನೇ ನೋಡಿ: ಪೊಟ್ಟಣದ ಆಹಾರ ತಯಾರಿಸುವ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾದ ಪಾಲಾಯಿತು, ಲಾಲ್‌ಬಾಗ್ ರಸ್ತೆಯ ಹೋಟೆಲು ಮಾತ್ರ ಕುಟುಂಬದವರ ಕೈಯಲ್ಲಿಯೇ ಉಳಿಯಿತು. ಎಷ್ಟೋ ಜನ ಇಂದಿಗೂ ಎರಡೂ ಒಂದೇ ಎಂದುಕೊಂಡಿದ್ದಾರೆ.

ಇನ್ನು ಬಿಲ್ಲಿನ ವಿಷಯ. ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎಂದರೆ ತೆಗೆಯಬೇಕು. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಹಾಗೆಯೇ ಬಿಲ್ಲಿನ ಮೇಲಿರುವ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆಯನ್ನು ನೋಡಿ. ಹೋಟೆಲು ಮಾರಿದರೆ ಆ ಪರವಾನಗಿ ಕೊಂಡವರಿಗೆ ತಾನಾಗಿ ವರ್ಗವಾಗುವುದಿಲ್ಲ, ಅವರು ತಮ್ಮ ಹೆಸರಿನಲ್ಲಿ ಹೊಸದಾಗಿ ಪಡೆಯಬೇಕು. ನಿಮ್ಮ ಬಳಿ ಹಳೆಯ ಬಿಲ್ಲು ಇದ್ದರೆ ಎರಡನ್ನೂ ಹೋಲಿಸಿ, ಸಂಖ್ಯೆ ಒಂದೇ ಆಗಿದ್ದರೆ ಅವರಿಗೆ ಸ್ನೇಹದಿಂದಲೇ ತಿಳಿಸಿ. ತಪಾಸಣೆಗೆ ಬಂದವರು ಸ್ನೇಹದಿಂದ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬುಧವಾರ ನಾಲ್ಕು ಗಂಟೆಗೆ ಹೋಗಿದ್ದೆ. ಗೋಣಿಕೊಪ್ಪದ ಅಕ್ಕನವರು ಹೇಳಿದಂತೆ, ಹುಳಿಗೆ ಏನು ಹಾಕುತ್ತೀರಿ ಎಂದಷ್ಟೇ ಕೇಳಿದೆ. ಅಡುಗೆಯವರು ಟೊಮೆಟೊ ಮತ್ತು ವಿನಿಗರ್ ಎಂದರು. ಕಾಚಂಪುಳಿಯ ಹೆಸರು ಹೇಳಿ, ಅದು ಹೇಗಿರುತ್ತದೆ ಎಂದು ವಿವರಿಸುತ್ತಿದ್ದಂತೆ ಮಾಲೀಕರು ಎದ್ದು ಒಳಗೆ ಹೋಗಿ, ಮೇಲಿನ ಅಟ್ಟದಿಂದ ಹಳೆಯ ಗಾಜಿನ ಬಾಟಲಿ ಒಂದನ್ನು ತಂದರು. ಚೀಟಿಯಿಲ್ಲ, ಮುಚ್ಚಳದ ಸುತ್ತ ಕಪ್ಪಗೆ ಒಣಗಿದ ಗೆರೆ, ಮುಕ್ಕಾಲು ಭಾಗ ತುಂಬಿತ್ತು. ಕೆಟ್ಟುಹೋದ ಬೆಲ್ಲದ ಪಾಕವೆಂದು ತಿಳಿದು, ಎಸೆಯಲು ಮನಸ್ಸಾಗದೆ ಮೇಲಿಟ್ಟಿದ್ದರಂತೆ. ಒಂದು ಹನಿ ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ. ಅದೇ.

ಅಲ್ಲಿಂದಲೇ, ಮೊದಲು ಆ ಹೋಟೆಲಿನ ಅಡುಗೆ ಮಾಡುತ್ತಿದ್ದ, ಈಗ ಊರಿನಲ್ಲಿರುವ ಅಮ್ಮನಿಗೆ ಫೋನು ಮಾಡಿ, ಸ್ಪೀಕರಿನಲ್ಲಿಟ್ಟು ಅರ್ಧ ಗಂಟೆ ಮಾತಾಡಿದೆವು. ಅವರು ಬೇಸರಿಸಿಕೊಳ್ಳಲಿಲ್ಲ, ಅಡುಗೆಯವರು ಒಂದೊಂದನ್ನೂ ಬರೆದುಕೊಂಡರು. ತರಿಯನ್ನು ಇನ್ನು ಮುಂದೆ ಮಿಲ್ಲಿನಲ್ಲಿ ಒಡೆಸಿ ತರಿಸುವುದಾಗಿ ಮಾಲೀಕರು ಹೇಳಿದರು. ಸರ್ವಿಸ್ ಚಾರ್ಜ್ ಬಿಲ್ಲಿಂಗ್ ಯಂತ್ರ ಹೊಂದಿಸಿಕೊಟ್ಟವರು ಸೇರಿಸಿದ್ದಂತೆ, ಅದನ್ನು ನನ್ನೆದುರೇ ತೆಗೆಸಿದರು. ಪರವಾನಗಿ ಸಂಖ್ಯೆ ಹೊಸದೇ ಇದೆ, ನನ್ನ ಕೈಚೀಲದಲ್ಲಿದ್ದ ನವೆಂಬರಿನ ಬಿಲ್ಲಿನೊಂದಿಗೆ ಹೋಲಿಸಿ ನೋಡಿದೆ. ಬಾಗಿಲ ಬಳಿ "ಜನವರಿಯಿಂದ ಹೊಸ ಆಡಳಿತ" ಎಂದು ಬರೆದು ಹಾಕಲು ಮಾತ್ರ ಅವರಿಗೆ ಇನ್ನೂ ಹಿಂಜರಿಕೆಯಿದೆ. ಆ ವಿಷಯದಲ್ಲಿ ನಾನು ಒತ್ತಾಯಿಸಲಿಲ್ಲ, ಆದರೆ ಬರೆಯುವುದೇ ಸರಿ ಎಂದು ನನಗೂ ಅನ್ನಿಸುತ್ತದೆ.

ನಿನ್ನೆ ಭಾನುವಾರ ಊಟಕ್ಕೆ ಹೋಗಿದ್ದೆವು. ಹುಳಿ ಸರಿಹೋಗಿದೆ, ಬಣ್ಣ ಕಪ್ಪಿಗೆ ತಿರುಗಿದೆ, ಟೊಮೆಟೊ ಇಲ್ಲ. ಮಸಾಲೆ ಮಾತ್ರ ಇನ್ನೂ ಸ್ವಲ್ಪ ಹಸಿ ವಾಸನೆ ಬರುತ್ತಿದೆ; ಸೀದುಹೋದೀತೆಂಬ ಭಯದಿಂದ ಅಡುಗೆಯವರು ಬೇಗ ಇಳಿಸುತ್ತಿದ್ದಾರೆ. ಅಕ್ಕನವರೇ, ನಾಲ್ಕನ್ನೂ ಒಟ್ಟಿಗೆ ಹುರಿಯುತ್ತೀರೋ ಅಥವಾ ಕೊತ್ತಂಬರಿ ಬೀಜವನ್ನು ಬೇರೆಯಾಗಿ ಹುರಿಯುತ್ತೀರೋ ಎಂಬುದನ್ನು ತಿಳಿಸಿದರೆ ಶನಿವಾರದೊಳಗೆ ಅವರಿಗೆ ಮುಟ್ಟಿಸುತ್ತೇನೆ.