ಸೈಕಲ್ ರೇಸಿನ ನಡುವೆ ಒಂದು ಬಸ್ಸು

"ಸೈಕಲ್ ರೇಸಲ್ಲಿ ಬಸ್ಸಿಗೇನೋ ಕೆಲಸ?" ಅಂತ ರಂಗಣ್ಣ ಕೇಳಿದ್ದೇ ತಡ, ಸೀನು ಕುರ್ಚಿ ಮುಂದಕ್ಕೆ ಎಳ್ಕೊಂಡ. ಅವನಿಗೆ ಬೇಕಾಗಿದ್ದೂ ಅದೇ.

"2013ರ ಟೂರ್ ಡಿ ಫ್ರಾನ್ಸ್, ದಿನಕ್ಕೊಂದು ದಾರಿಯಂತೆ ಮೂರು ವಾರ ನಡೆಯೋ ಸೈಕಲ್ ರೇಸು. ಅದು ನೂರನೇದು. 1903ರಿಂದ ಫ್ರಾನ್ಸೆಲ್ಲಾ ಸುತ್ತಿದ್ರೂ ಕಾರ್ಸಿಕಾ ದ್ವೀಪಕ್ಕೆ ಮಾತ್ರ ಹೋಗಿರಲಿಲ್ಲ."

"1903ರಿಂದ ಅಂದ್ರೆ 111 ಆಗ್ಬೇಕಲ್ಲ?" ಅಂದಳು ವನಜಾ. ಬ್ಯಾಂಕಿನವಳು. ಲೆಕ್ಕ ತಾಳೆಯಾಗದಿದ್ರೆ ಅವಳ ಗಂಟಲಲ್ಲಿ ಕಾಫಿ ಇಳಿಯಲ್ಲ.

"ಎರಡು ಮಹಾಯುದ್ಧದ ದೆಸೆಯಿಂದ 11 ವರ್ಷ ರೇಸೇ ನಡೀಲಿಲ್ಲ ತಾಯಿ. ಕಳಿ."

"ಸರಿ ಹೋಯ್ತು. ಮುಂದೆ?"

"ನೆಪೋಲಿಯನ್ ಹುಟ್ಟಿದ ದ್ವೀಪ ತಾನೇ ಅದು? ನೂರು ಸಲ ಆಗೋವರೆಗೂ ಯಾಕೆ ಬಿಟ್ಟಿದ್ರು?" ರಂಗಣ್ಣನಿಗೆ ಅನುಮಾನ.

"198 ಸವಾರರೇನೋ ತಲೆಗೊಂದು ಸೈಕಲ್ ಹಿಡ್ಕೊಂಡು ಹೋಗಿಬಿಡ್ತಾರೆ. ಅವರ ಹಿಂದಿನ ಪರಿವಾರ ನೋಡು. 22 ತಂಡ, ತಂಡಕ್ಕೊಂದು ಬಸ್ಸು, ರಿಪೇರಿ ಸಾಮಾನಿನ ಲಾರಿ, ನೆತ್ತಿ ಮೇಲೆ ಸೈಕಲ್ ಹೊತ್ತ ಕಾರುಗಳು, ಡಾಕ್ಟರು, ಟೀವಿಯವರು. ಸಾಲದ್ದಕ್ಕೆ ಜನಕ್ಕೆ ಟೋಪಿ, ಮಿಠಾಯಿ ಎಸೀತಾ ಹೋಗೋ ಜಾಹೀರಾತು ಗಾಡಿಗಳು. ಅಷ್ಟನ್ನೂ ಹಡಗಿಗೆ ತುಂಬಬೇಕು. ಮೂರು ದಿನ ಆದ್ಮೇಲೆ ಮತ್ತೆ ತುಂಬಿ ಆಚೆ ದಡದ ನೀಸ್ ಊರಿಗೆ ಸಾಗಿಸಬೇಕು."

"ಮದುವೆ ದಿಬ್ಬಣಾನ ಪಕ್ಕದೂರಿಗೆ ಕರ್ಕೊಂಡು ಹೋಗೋದರಲ್ಲೇ ನನಗೆ ಸಾಕುಸಾಕಾಗಿತ್ತು," ಅಂತ ರಂಗಣ್ಣ ನಿಟ್ಟುಸಿರು ಬಿಟ್ಟ.

"ಮೊದಲ ದಿನ ಪೋರ್ತೊ ವೆಕ್ಕಿಯೊದಿಂದ ಬಾಸ್ಟಿಯಾಗೆ, 213 ಕಿಲೋಮೀಟರ್. ದಾರಿ ಹೆಚ್ಚುಕಡಿಮೆ ಸಪಾಟು. ಇಲ್ಲಿ ಗೆದ್ದವನಿಗೇ ಹಳದಿ ಜೆರ್ಸಿ, ಅಂದ್ರೆ ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿರೋನು ತೊಡೋ ಅಂಗಿ. ವೇಗದ ಸವಾರರೆಲ್ಲ ಕೊನೇ ಓಟಕ್ಕೆ ಕಾಲು ಉಜ್ಕೊಳ್ತಿದ್ದಾರೆ. ಅಷ್ಟರಲ್ಲಿ ಆಸ್ಟ್ರೇಲಿಯಾದ ಓರಿಕಾ ಗ್ರೀನ್‌ಎಡ್ಜ್ ತಂಡದ ಬಸ್ಸು ತಡವಾಗಿ ಬಂತು. ಕೊನೇ ಗೆರೆ ಮೇಲೆ ಕಮಾನು ಇರುತ್ತಲ್ಲ, ಅದರ ಕೆಳಗೆ ನುಗ್ಗಿ..."

"ಸಿಕ್ಕಿಹಾಕ್ಕೊಂತಾ?"

"ಭದ್ರವಾಗಿ! ಮುಂದೆ ಹೋಗಲ್ಲ, ಹಿಂದೆ ಬರಲ್ಲ. ಅತ್ತ ಸವಾರರು ಬಾಸ್ಟಿಯಾ ಕಡೆ ನುಗ್ಗಿ ಬರ್ತಿದ್ದಾರೆ, ಇತ್ತ ಫಿನಿಶ್ ಲೈನಿಗೆ ಅಡ್ಡ ಬಸ್ಸು. ಟೀವಿ ಕ್ಯಾಮೆರಾಗಳೆಲ್ಲ ಅದರ ಮೇಲೇ. ಡ್ರೈವರ್ ಇಂಗು ತಿಂದ ಮಂಗ."

"ಟೈರಿನ ಗಾಳಿ ತೆಗೀಬೇಕಿತ್ತಪ್ಪ," ಅಂದ ರಂಗಣ್ಣ ತಣ್ಣಗೆ.

"ಅದನ್ನೇ ಮಾಡಿದ್ದು. ಆದ್ರೆ ಅದಕ್ಕೂ ಮುಂಚೆ ಇನ್ನೊಂದು ಅವಾಂತರ. ರೇಸು 3 ಕಿಲೋಮೀಟರ್ ಹಿಂದೆಯೇ ಮುಗಿಯುತ್ತೆ ಅಂತ ರೇಡಿಯೋದಲ್ಲಿ ಹೇಳಿಬಿಟ್ರು. ಸವಾರರು ಕಂಗಾಲಾಗಿ ಮುನ್ನುಗ್ಗಿದ್ರು. ಗಾಳಿ ತೆಗೆದು ಬಸ್ಸು ಹಿಂದೆ ಸರೀತು ನೋಡು, 'ಇಲ್ಲ, ಹಳೇ ಗೆರೆಯೇ' ಅಂದ್ರು. ಆ ಗಲಿಬಿಲಿಯಲ್ಲೇ ಸವಾರರು ಒಬ್ಬರ ಮೇಲೊಬ್ಬರು ಬಿದ್ರು. ಗೆಲ್ತಾನೆ ಅಂತ ಎಲ್ರೂ ನಂಬಿದ್ದ ಕ್ಯಾವೆಂಡಿಶ್ ಹಿಂದೆ ಉಳಿದ. ಗೆದ್ದವನು ಜರ್ಮನಿಯ ಕಿಟೆಲ್. ಬ್ರಿಟನ್ನಿನ ಸವಾರ ಗೆರೈಂಟ್ ಥಾಮಸ್ ಬಿದ್ದು ಸೊಂಟದ ಮೂಳೆ ಸೀಳಿತ್ತು. ಪುಣ್ಯಾತ್ಮ ಅದರಲ್ಲೇ ಪ್ಯಾರಿಸ್ ತನಕ ತುಳಿದ."

ಈ ಮಾತಿಗೆ ಯಾರೂ ನಗಲಿಲ್ಲ. ನನಗಂತೂ ಮೂರು ದಿನದ ಕಥೆಯಲ್ಲಿ ನಿಜವಾದ ವೀರ ಅಂದ್ರೆ ಥಾಮಸ್ಸೇ. ಆದ್ರೆ ಕಾರ್ಸಿಕಾ ಅಂದ್ರೆ ಜನಕ್ಕೆ ನೆನಪಾಗೋದು ಬಸ್ಸು. ಏನು ಮಾಡೋಕಾಗುತ್ತೆ!

"ಆ ತಂಡಕ್ಕೆ ಏನೂ ಅನ್ನಲಿಲ್ವಾ?" ವನಜಾಗೆ ದಂಡದ ಮೇಲೆ ಕಣ್ಣು.

"2,000 ಸ್ವಿಸ್ ಫ್ರಾಂಕ್ ಕಕ್ಕಿಸಿದ್ರು. ಮಾರನೇ ದಿನ ಬೆಟ್ಟ ಹತ್ತಿಳಿದು ಅಜಾಕ್ಸಿಯೊಗೆ. ಅಲ್ಲಿ ಕೊನೇ ಹೊತ್ತಲ್ಲಿ ಪುಟ್ಟ ನಾಯಿಯೊಂದು ರಸ್ತೆಗಿಳೀತು."

"ಬಸ್ಸಾಯ್ತು, ಈಗ ನಾಯಿ!"

"ಅದು ಬಚಾವು, ಸವಾರರೂ ಬಚಾವು. ಬೆಲ್ಜಿಯಂನ ಬಾಕೆಲಾಂಟ್ಸ್ ಒಂದೇ ಒಂದು ಸೆಕೆಂಡ್ ಅಂತರದಲ್ಲಿ ಗೆದ್ದು ಹಳದಿ ಜೆರ್ಸಿ ತೊಟ್ಟ. ಮೂರನೇ ದಿನ ಪಶ್ಚಿಮ ಕರಾವಳಿ. ಒಂದು ಕಡೆ ಕೆಂಪು ಬಂಡೆ, ಇನ್ನೊಂದು ಕಡೆ ಸಮುದ್ರ, ನೇರ ರಸ್ತೆ ಅನ್ನೋದು ಅಪರೂಪ. ಕಾಲ್ವಿಯಲ್ಲಿ ಸ್ಲೊವಾಕಿಯಾದ ಸಾಗಾನ್‌ನನ್ನ ಕೂದಲೆಳೆಯಲ್ಲಿ ಸೋಲಿಸಿದ್ದು ಸೈಮನ್ ಗೆರಾನ್ಸ್. ಯಾವ ತಂಡ ಹೇಳು?"

"ಬಸ್ಸಿನದ್ದಾ?"

"ಬಸ್ಸಿನದ್ದೇ! ಅಷ್ಟಕ್ಕೇ ನಿಲ್ಲಲಿಲ್ಲ. ನೀಸ್‌ನಲ್ಲಿ ತಂಡಗಳ ಟೈಮ್ ಟ್ರಯಲ್, ಅಂದ್ರೆ ಒಂದೊಂದೇ ತಂಡ ಗಡಿಯಾರದ ಜೊತೆ ಓಡೋ ಓಟ, ಅದನ್ನೂ ಅವರೇ ಗೆದ್ರು. ಗೆರಾನ್ಸ್‌ಗೆ ಹಳದಿ ಜೆರ್ಸಿ ಬಂತು. ಎರಡು ದಿನ ಆದ್ಮೇಲೆ ಅದೇ ತಂಡದ ಡ್ಯಾರಿಲ್ ಇಂಪಿಗೆ ಹೋಯ್ತು. ದಕ್ಷಿಣ ಆಫ್ರಿಕಾದವನು. ಆಫ್ರಿಕಾ ಖಂಡದಿಂದ ಅದನ್ನ ತೊಟ್ಟ ಮೊದಲಿಗ."

"ಅಂದ್ರೆ ದಂಡ ವಸೂಲಾಯ್ತು," ಅಂತ ವನಜಾ ಖಾತೆ ಮುಚ್ಚಿದಳು.

ರಂಗಣ್ಣ ಮಾತ್ರ ಇನ್ನೂ ಏನೋ ಯೋಚಿಸ್ತಿದ್ದ. "ಅಲ್ಲ ಕಣೋ ಸೀನು, ಕಾರ್ಸಿಕಾದಿಂದ ಆ ಬಸ್ಸನ್ನ ವಾಪಸ್ ಹಡಗು ಹತ್ತಿಸಿದ್ರಲ್ಲ, ಆವಾಗ ಬಾಗಿಲ ಎತ್ತರ ಯಾರು ಅಳತೆ ಹಿಡಿದಿದ್ದು?"